ಹದಿನಾಲ್ಕು ಇಂಚು

"ತಳ್ಳಿ, ತಳ್ತಾ ಇರಿ, ನಿಲ್ಲಿಸಬೇಡಿ," ಎಂದು ಡ್ರಾಯಿಂಗ್ ಮೇಷ್ಟ್ರು ಹಿಂದಿನಿಂದ ಹೇಳಿದರು.

"ನಿಲ್ಲಿಸ್ರೀ ಸ್ವಲ್ಪ. ನನ್ನ ನೆಲ ಶುರುವಾಗೋದೇ ಅಲ್ಲಿಂದ," ಎಂದು ಮೊಳೆ ಸಾಹುಕಾರರು ಮುಂದೆ ಬಂದು ಗಾಡಿಗೆ ಅಡ್ಡ ನಿಂತರು.

"ಸಾರ್, ಪಕ್ಕಕ್ಕೆ ಸರೀರಿ. ನಡುವೆ ನಿಲ್ಲಿಸಿದ್ರೆ ಮತ್ತೆ ಮೊದಲಿಂದ ತಳ್ಳಬೇಕಾಗತ್ತೆ," ಎಂದ ಗಾಡಿಯವನು.

"ತಳ್ಳಿ. ಒಂಬತ್ತು ವರ್ಷ ಕಾದಿದ್ದೀನಿ, ಇನ್ನರ್ಧ ಗಂಟೆ ಕಾಯೋಕಾಗಲ್ವಾ?" ಎಂದು ಸಾಹುಕಾರರು ಸರಿದರು.

ಗಾಡಿ ತಳ್ಳುತ್ತಿದ್ದವನು ತಲೆ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಮೊದಲು ಕಾಣುತ್ತಿದ್ದದ್ದು ಮುಖಗಳು. ಏಳು ಮನೆಗಳ ಸಾಲಿನಲ್ಲಿದ್ದವರೆಲ್ಲ ಬೀದಿಗೆ ಇಳಿದು, ಮದುಮಗನ ಕಾರನ್ನು ಮುತ್ತಿಕೊಂಡವರ ಹಾಗೆ ಗಾಡಿಯನ್ನು ಮುತ್ತಿಕೊಂಡಿದ್ದರು.

ಹುಲ್ಲು ಕತ್ತರಿಸುವ ಯಂತ್ರಕ್ಕೂ ಮಗುವಿನ ತಳ್ಳುಗಾಡಿಗೂ ಹುಟ್ಟಿದ ಕೂಸಿನಂತಿದ್ದ ಆ ರಾಡಾರ್ ಗಾಡಿ ಅವನ ಆಫೀಸಿನದು. ಅದು ನೆಲದೊಳಕ್ಕೆ ರೇಡಿಯೋ ಅಲೆಗಳನ್ನು ಕಳಿಸುತ್ತದೆ; ಕಲ್ಲಿಗೋ ಕೊಳವೆಗೋ ತಾಗಿ ವಾಪಸು ಬಂದದ್ದನ್ನು ತೆರೆಯ ಮೇಲೆ ಬರೆಯುತ್ತದೆ. ಹೂತ ಕಲ್ಲು ಅಲ್ಲಿ ಬೋರಲು ಹಾಕಿದ ಬಟ್ಟಲಿನಂತೆ ಕಾಣುತ್ತದೆ. ಗಾಡಿಯ ಹಿಂದಿನ ಪುಟ್ಟ ಚಕ್ರ ತಿರುಗುತ್ತ ಎಷ್ಟು ದೂರ ಬಂದೆವು ಎಂದು ಎಣಿಸುತ್ತದೆ. ಸೋಮವಾರ ಬೆಳಿಗ್ಗೆ ಸೇತುವೆಯೊಂದರ ಬುಡ ನೋಡಬೇಕಿದ್ದರಿಂದ ಅವನು ಅದನ್ನು ಮನೆಗೇ ತಂದಿದ್ದ. ಈ ಕೆಲಸದಿಂದಾಗಿಯೇ ಬೀದಿಯವರು ಅವನಿಗೆ ನೆಲದ ಡಾಕ್ಟರ ಎಂದು ಹೆಸರಿಟ್ಟಿದ್ದರು. ಇವತ್ತಿನವರೆಗೆ ಆ ಡಾಕ್ಟರನಿಂದ ಬೀದಿಗೆ ಒಂದು ಉಪಕಾರವೂ ಆಗಿರಲಿಲ್ಲ, ಅಪಕಾರವೂ ಆಗಿರಲಿಲ್ಲ.

ಉಪಕಾರ ಬೇಕಾಗಿದ್ದದ್ದು ಅವನಿಗೇ. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಅರ್ಜಿಯೊಂದಿತ್ತು. ಏಳನೆಯ ಮನೆಯ, ಅಂದರೆ ಅವನದೇ ಮನೆಯ ಅಡುಗೆಕೋಣೆಯಲ್ಲಿ, ಓಣಿಯ ಕಡೆಯ ಗೋಡೆಗೆ ಅಂಟಿಸಿ ಬ್ರೆಡ್ ಸುಡುವ ದೊಡ್ಡ ಒಲೆ ಕಟ್ಟಲು ಅನುಮತಿ ಕೇಳುವ ಅರ್ಜಿ. ಹೆಂಡತಿ ಎರಡು ವರ್ಷದಿಂದ ಟ್ರಂಕಿನಷ್ಟೇ ಇದ್ದ ಪುಟ್ಟ ಒಲೆಯಲ್ಲಿ ಒಂದು ಬಾರಿಗೆ ಹನ್ನೆರಡು ಬನ್ನು ಸುಡುತ್ತ ಬೆನ್ನು ಮುರಿದುಕೊಂಡಿದ್ದಳು. ಈಗ ಶಾಲೆಯೊಂದು ದಿನಕ್ಕೆ ಇನ್ನೂರು ಬನ್ನು ಕೇಳಿತ್ತು. ದೊಡ್ಡ ಒಲೆಗೆ ನಗರದ ಕಚೇರಿಯ ಒಪ್ಪಿಗೆ ಬೇಕು. ಕಚೇರಿಗೆ ಸಾಲಿನ ಮಿಕ್ಕ ಆರೂ ಮನೆಯವರ ಸಹಿ ಬೇಕು. ಅರ್ಜಿ ಕೊಡಲು ಕೊನೆಯ ದಿನ ಇವತ್ತು, ಶನಿವಾರ, ಸಂಜೆ ಐದರೊಳಗೆ.

ಸಹಿಗೆಂದು ಬೆಳಿಗ್ಗೆ ಮೊದಲು ಹೋದದ್ದು ಒಂದನೆಯ ಮನೆಗೆ. ಮೇಷ್ಟ್ರು ಅರ್ಜಿ ಓದಿದರು, ಒಂದು ದೀರ್ಘ ತಿದ್ದಿದರು, ಆಮೇಲೆ ಹೇಳಿದರು: "ಹಾಕ್ತೀನಿ. ನಿಮ್ಮ ಯಂತ್ರ ಮನೇಲೇ ಇದೆಯಲ್ಲ, ಮೊದಲು ಈ ಗೋಡೆ ಯಾರದು ಅಂತ ನೋಡಿ ಹೇಳಿ."

ಗೋಡೆ ಎಂದರೆ ಒಂದನೆಯ ಮತ್ತು ಎರಡನೆಯ ಮನೆಯ ನಡುವಿನದು. ಅದು ಪೂರ್ತಿ ತನ್ನದೆಂದು ಮೇಷ್ಟ್ರು; ತನ್ನ ನೆಲದ ಮೇಲೆ ನಿಂತಿದೆಯೆಂದು ಎರಡನೆಯ ಮನೆಯ, ಮೊಳೆ-ಬೀಗದ ಅಂಗಡಿ ಇಟ್ಟಿದ್ದ ಮೊಳೆ ಸಾಹುಕಾರರು. ಬೀದಿಯ ಮಟ್ಟ ಏರಿಸಿದ ಕಾಲದಲ್ಲಿ ಗಡಿಕಲ್ಲುಗಳೆಲ್ಲ ಎರಡಡಿ ಮಣ್ಣಿನಡಿ ಹೋಗಿದ್ದವು. ಉಳಿದದ್ದು ಮೇಷ್ಟ್ರ ಮನೆಯ ಹೊರಮೂಲೆಯ ಕಲ್ಲು ಒಂದೇ. ಅಂದಿನಿಂದ ಒಂಬತ್ತು ವರ್ಷ ಇಬ್ಬರೂ ಮಾತು ಬಿಟ್ಟು, ಗೋಡೆಯ ಎರಡು ಕಡೆಯಿಂದಲೂ ಮೊಳೆ ಹೊಡೆಯುತ್ತಿದ್ದರು.

ಒಂದೇ ಗೋಡೆಗೆಂದು ಹೊರಟ ಗಾಡಿಯನ್ನು ಬೀದಿ ಬಿಡಲಿಲ್ಲ. "ಅವರಿಗೆ ಮಾತ್ರ ನೋಡಿ ನಮಗೆ ನೋಡಲ್ವಾ?" ಎಂದು ಮೂರನೆಯ ಮನೆಯ ನರ್ಸಮ್ಮ ಕೇಳಿದರು. ಹೀಗೆ ಅವನು ಮೂಲೆಯ ಕಲ್ಲಿನಿಂದ ಹೊರಟು, ಏಳೂ ಮನೆ ದಾಟಿ, ತನ್ನದೇ ಅಡುಗೆಕೋಣೆ ಮುಗಿಯುವ ಓಣಿಯ ಬಾಯಿಯವರೆಗೂ ತಳ್ಳಿದ. ತೆರೆಯ ಮೇಲೆ ಏಳು ಬಟ್ಟಲು ಬಂದವು. ಏಳು ಕಲ್ಲು.

"ಸಿಕ್ತಾ? ಎಲ್ಲಿದೆ?" ಎಂದು ಮೊಳೆ ಸಾಹುಕಾರರು ತೆರೆಗೆ ಮೂಗು ಒತ್ತಿದರು.

"ಬಯಲಲ್ಲಿ ತೀರ್ಪು ಕೊಡಬಾರದು ಸಾರ್. ಮೇಜಿನ ಮುಂದೆ ಕೂತು ಗುರುತು ಹಾಕಬೇಕು. ಅದು ನಮ್ಮ ಪದ್ಧತಿ," ಎಂದ ಡಾಕ್ಟರ. ಹೇಳುವಾಗ ಅವನ ಎದೆ ಒಂದಿಷ್ಟು ಮುಂದೆ ಬಂತು. ಈ ಮಾತನ್ನು ಅವನಿಗೆ ಆಫೀಸಿನ ಹಿರಿಯರು ಕಲಿಸಿದ್ದರು: ಕಣ್ಣಿಗೆ ಕಂಡದ್ದನ್ನು ನಂಬಬೇಡ, ಅಂಕಿ ನಂಬು.

ಮೇಜು ಸಿಕ್ಕಿದ್ದು ಮೇಷ್ಟ್ರ ನಡುಮನೆಯಲ್ಲಿ. ಅವರು ಮೂರು ವರ್ಷದ ಹಿಂದೆ ಟೇಪು ಹಿಡಿದು, ಸಾಲಿನ ಎಲ್ಲ ಗೋಡೆಗಳನ್ನೂ ಅಳೆದು ಬರೆದಿದ್ದ ನಕ್ಷೆ ಗೋಡೆಯಿಂದ ಇಳಿದು ಮೇಜಿನ ಮೇಲೆ ಬಂತು. ಒಂದೊಂದು ಮನೆಯೂ ಇಪ್ಪತ್ತಡಿ ಅಗಲ. ಗೆರೆಗಳು ಕೂದಲೆಳೆಯಷ್ಟು ತೆಳು. ಏಳು ಮನೆಯವರು ಸುತ್ತ ನಿಂತು ಬಗ್ಗಿದರು. ಡಾಕ್ಟರ ತೆರೆಯ ಮೇಲಿನ ಮೊದಲ ಕಲ್ಲಿನ ದೂರ ಓದಿ, ನಕ್ಷೆಯ ಮೇಲೆ ಅಳೆದು, ಕೆಂಪು ಪೆನ್ಸಿಲಿನಿಂದ ಚುಕ್ಕೆ ಇಟ್ಟ.

ಚುಕ್ಕೆ ಗೋಡೆಯ ಮೇಲೆ ಬೀಳಲಿಲ್ಲ. ಗೋಡೆಗಿಂತ ಹಿಂದೆ, ಮೇಷ್ಟ್ರ ಮನೆಯೊಳಗೆ ಬಿತ್ತು.

"ಎಷ್ಟು?" ಎಂದರು ಮೊಳೆ ಸಾಹುಕಾರರು. ಅವರ ಸ್ವರ ಅವರಿಗೇ ಕೇಳಿಸಿರಲಾರದು.

"ಹದಿನಾಲ್ಕು ಇಂಚು. ಗೋಡೆ ಕಲ್ಲು ದಾಟಿ ಹದಿನಾಲ್ಕು ಇಂಚು ನಿಮ್ಮ ಜಾಗದಲ್ಲಿದೆ."

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. ಮೊಳೆ ಸಾಹುಕಾರರು ಸಭೆಯ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದರು.

"ಕೇಳಿದ್ರಾ? ಎಲ್ಲರೂ ಕೇಳಿದ್ರಲ್ಲ? ಒಂಬತ್ತು ವರ್ಷ. ನನ್ನ ನೆಲದ ಮೇಲೆ ಗೋಡೆ ನಿಲ್ಲಿಸ್ಕೊಂಡು, ನನಗೇ ಅಳತೆ ಪಾಠ. ಮಕ್ಕಳಿಗೆ ಇವರು ಏನು ಕಲಿಸಿರಬಹುದು ಹೇಳಿ."

"ಎರಡನೇದೂ ಹಾಕಿಬಿಡಲಾ ಸಾರ್?"

"ಹಾಕಿ, ಹಾಕಿ. ಇನ್ನು ಏನು ಬೇಕಾದ್ರೂ ಹಾಕಿ."

ಎರಡನೆಯ ಚುಕ್ಕೆ ಬಿತ್ತು. ಮೊಳೆ ಸಾಹುಕಾರರ ಕೈಗಳು ಇನ್ನೂ ಮೇಲೇ ಇದ್ದವು. ಅವರ ಬಲಗೋಡೆ ನರ್ಸಮ್ಮನ ಜಾಗದೊಳಕ್ಕೆ ಇಪ್ಪತ್ತೆಂಟು ಇಂಚು ಹೋಗಿತ್ತು.

ಕೈಗಳು ಇಳಿದವು, ಒಂದು ಜೇಬಿಗೆ, ಇನ್ನೊಂದು ತಲೆಗೆ.

"ಇಪ್ಪತ್ತೆಂಟು ಇಂಚಾ?" ಎಂದು ನರ್ಸಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು. "ಅದಕ್ಕೇ ನನ್ನ ಬೀರು ಆ ಕೋಣೆಗೆ ಹಿಡಿಸ್ತಿಲ್ಲ. ನಾನು ಬಡಗೀನ ಬೈದು ಕಳಿಸಿದ್ದೆ. ಪಾಪ, ಅವನ ತಪ್ಪಲ್ಲ, ನನ್ನ ಬೀರು ಈ ಮನುಷ್ಯನ ಹೊಟ್ಟೇಲಿದೆ."

"ನರ್ಸಮ್ಮ, ನಿಮ್ಮದು ಟೈಲರ್ ಮನೆಯೊಳಗೆ ನಲವತ್ತೆರಡು ಇಂಚು," ಎಂದ ಡಾಕ್ಟರ. ಅವನ ಸ್ವರ ಸಣ್ಣಗಾಗುತ್ತಿತ್ತು.

ನರ್ಸಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಂದ್ರೆ ನನ್ನ ಮಂಚ ಇರೋದು—"

ಟೈಲರನ ಹೆಂಡತಿ ಗಂಡನ ಮುಖ ನೋಡಿದಳು. ಟೈಲರ ಸೂಜಿ ಚುಚ್ಚಿಸಿಕೊಂಡವನ ಹಾಗೆ ಹಾರಿದ. "ನನಗೇನೇ ಗೊತ್ತು? ಗೋಡೆ ಕಟ್ಟಿದವರನ್ನ ಕೇಳು."

ನಾಲ್ಕನೆಯ ಚುಕ್ಕೆ: ಟೈಲರನ ಗೋಡೆ ಬಸ್ ಡ್ರೈವರನ ಜಾಗದೊಳಗೆ. ಐದನೆಯದು: ಡ್ರೈವರನ ಗೋಡೆ ಪಿಟೀಲು ಕಲಿಸುವ ಮೇಡಂ ಜಾಗದೊಳಗೆ. ಪ್ರತಿಯೊಬ್ಬರ ಸಿಟ್ಟೂ ಮುಂದಿನ ಚುಕ್ಕೆ ಬೀಳುವವರೆಗೆ ಮಾತ್ರ ಬದುಕುತ್ತಿತ್ತು. ಎಡಕ್ಕೆ ತಿರುಗಿ ಬೈಯುತ್ತಿದ್ದವರು ಅರ್ಧ ಬೈಗುಳದಲ್ಲೇ ಬಲಕ್ಕೆ ತಿರುಗಿ ಕ್ಷಮೆ ಕೇಳಬೇಕಾಗುತ್ತಿತ್ತು. ಡ್ರೈವರನಂತೂ ಒಂದೇ ಉಸಿರಿನಲ್ಲಿ ಎರಡನ್ನೂ ಮಾಡಿ ಕೆಮ್ಮಿಕೊಂಡ.

ಆರನೆಯ ಚುಕ್ಕೆಗೆ ಡಾಕ್ಟರನದೇ ಸರದಿ ಬಂತು. ಪಿಟೀಲು ಮೇಡಂ ಗೋಡೆ ಅವನ ಜಾಗದೊಳಗೆ ಏಳಡಿ ಬಂದಿತ್ತು. ಆಕೆ ಬಾಯಿಗೆ ಕೈ ಅಡ್ಡ ಹಿಡಿದು, "ನಾನು ಬಾಡಿಗೆಗೆ ಇರೋಳು," ಎಂದಷ್ಟೇ ಹೇಳಿದರು.

ಉಳಿದದ್ದು ಒಂದು. ಅವನು ತೆರೆಯ ಅಂಕಿಯನ್ನು ಮೂರು ಸಲ ಓದಿದ. ಮೂರು ಸಲವೂ ಅದೇ ಇತ್ತು. ಚುಕ್ಕೆ ಇಟ್ಟ.

ಎಂಟಡಿ ಎರಡಿಂಚು. ಅವನ ಮನೆಯ ಕೊನೆಯ ಎಂಟಡಿ ಎರಡಿಂಚು ಯಾರ ಜಾಗದಲ್ಲೂ ಇರಲಿಲ್ಲ. ಅದು ಸಾರ್ವಜನಿಕ ಓಣಿಯ ನಟ್ಟನಡುವೆ ನಿಂತಿತ್ತು. ಆ ಎಂಟಡಿಯಲ್ಲಿ ಇದ್ದದ್ದು ಅಡುಗೆಕೋಣೆ ಒಂದೇ.

ಇಷ್ಟು ಹೊತ್ತು ಪರಸ್ಪರ ತಿನ್ನುವಂತೆ ನೋಡುತ್ತಿದ್ದ ಆರು ಮನೆಯವರೂ ಈಗ ಒಟ್ಟಿಗೆ ಅವನನ್ನು ನೋಡಿದರು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವನನ್ನು ನೋಡುವ ನೋಟ ಅದು. ಹತ್ತು ವರ್ಷ ಪರರ ನೆಲದಡಿ ಏನೇನನ್ನೋ ಹುಡುಕಿಕೊಟ್ಟವನು ಅವನು. ತನ್ನ ಮನೆಯಡಿ ಬೀದಿ ಇದೆಯೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆಗ ಮೇಷ್ಟ್ರು ಬಾಯಿಬಿಟ್ಟರು. ಅವರು ನಕ್ಷೆಯಿಂದ ಕಣ್ಣು ಕಿತ್ತಿರಲಿಲ್ಲ.

"ಒಂದು ವಿಷಯ ಗಮನಿಸಿ. ಎಡಗಡೆ ಕಳ್ಕೊಂಡಿದ್ದಕ್ಕಿಂತ ಬಲಗಡೆ ಪಡೆದದ್ದು ಎಲ್ಲರಿಗೂ ಹದಿನಾಲ್ಕು ಇಂಚು ಜಾಸ್ತಿ. ಎಲ್ಲರಿಗೂ. ಯಾರಿಗೂ ನಷ್ಟ ಇಲ್ಲ."

"ಅಂದ್ರೆ?" ಎಂದರು ನರ್ಸಮ್ಮ.

"ಅಂದ್ರೆ ನಿಮ್ಮ ಮನೆ ಇರಬೇಕಾದ್ದಕ್ಕಿಂತ ಹದಿನಾಲ್ಕು ಇಂಚು ದೊಡ್ಡದು."

ಈ ಮಾತು ಕೋಣೆಯೊಳಗೆ ಫ್ಯಾನಿನ ಗಾಳಿಯ ಹಾಗೆ ಹರಡಿತು. ಮುಖಗಳು ಒಂದೊಂದಾಗಿ ಸಡಿಲವಾದವು. ಮೊಳೆ ಸಾಹುಕಾರರು ಕುರ್ಚಿ ಎಳೆದು ಕುಳಿತರು. ಆ ಮನೆಯ ಕುರ್ಚಿಯಲ್ಲಿ ಒಂಬತ್ತು ವರ್ಷದ ಮೇಲೆ. ಟೈಲರನ ಹೆಂಡತಿ ನರ್ಸಮ್ಮನಿಗೆ, "ಮಂಚ ಅಲ್ಲೇ ಇರಲಿ ಬಿಡಿ ಅಕ್ಕ," ಎಂದಳು. ಹತ್ತು ನಿಮಿಷದೊಳಗೆ ಮೇಷ್ಟ್ರ ದುಂಡು ಅಕ್ಷರದಲ್ಲಿ ಒಂದು ಒಪ್ಪಂದ ತಯಾರಾಯಿತು: ಪ್ರತಿ ಮನೆಯ ಬಲಗೋಡೆ ಆ ಮನೆಗೇ ಪೂರ್ತಿ ಸೇರಿದ್ದು, ಇದ್ದದ್ದು ಇದ್ದ ಹಾಗೆ ಇರತಕ್ಕದ್ದು, ಯಾರೂ ಯಾರನ್ನೂ ಏನೂ ಕೇಳತಕ್ಕದ್ದಲ್ಲ. ಏಳು ಸಹಿ ಬಿದ್ದವು. ಏಳನೆಯದು ಡಾಕ್ಟರನದೇ. ಅಡುಗೆಕೋಣೆ ಬೀದಿಯಲ್ಲಿರುವುದನ್ನು ಇವರು ಯಾರಿಗೂ ಹೇಳುವುದಿಲ್ಲವಲ್ಲ ಎಂಬ ಕೃತಜ್ಞತೆಯಲ್ಲಿ ಅವನು ತುಸು ದೊಡ್ಡದಾಗಿಯೇ ಹಾಕಿದ.

ಪೆನ್ನು ಕೈಯಲ್ಲಿದ್ದಂತೆಯೇ ಜೇಬಿನ ಅರ್ಜಿ ನೆನಪಾಯಿತು. ಬಿಡಿಸಿ ಮೇಜಿನ ಮೇಲೆ ಇಟ್ಟ. "ಹಾಗೇ ಇದಕ್ಕೂ ಒಂದೊಂದು. ಒಲೇದು."

ಮೊಳೆ ಸಾಹುಕಾರರು ಅರ್ಜಿಯನ್ನು ಎತ್ತಿ ಬೆಳಕಿಗೆ ಹಿಡಿದು ಕೊನೆಯ ಸಾಲು ಓದಿದರು. "'ಇನ್ಸ್‌ಪೆಕ್ಟರು ಸ್ಥಳಕ್ಕೆ ಬಂದು ಅಳತೆ ಪರೀಕ್ಷಿಸುವರು.' ಅಳತೆ? ಏನ್ರೀ ಇದು?"

"ಅದು ನನ್ನ ಒಲೆ ಅಳೆಯೋಕೆ ಸಾರ್."

"ಟೇಪು ಹಿಡಿದವನು ಒಲೆ ಅಳೆದು ಸುಮ್ಮನೆ ಹೋಗ್ತಾನಾ? ಓಣಿ ಅಳೀತಾನೆ. ನಿಮ್ಮದು ಎಂಟಡಿ ಅಂತಾನೆ. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಸಂಜೆಗೆ ನನ್ನ ಅಂಗಡಿ ಬಾಗಿಲಲ್ಲಿರ್ತಾನೆ." ಅವರು ಅರ್ಜಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಅವನ ಜೇಬಿಗೆ ತುರುಕಿ, ಜೇಬನ್ನು ತಟ್ಟಿದರು. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ನಿಮ್ಮ ಒಳ್ಳೇದಕ್ಕೇ," ಎಂದರು ನರ್ಸಮ್ಮ. ಮಿಕ್ಕವರು ತಲೆಯಾಡಿಸಿದರು. ಸಾಲು ಇಷ್ಟು ಒಗ್ಗಟ್ಟಾಗಿ ಇದ್ದದ್ದನ್ನು ಯಾರೂ ಕಂಡಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಹಿಟ್ಟು ನಾದುತ್ತಿದ್ದಳು. ಮುಖ ನೋಡಿದೊಡನೆ ಕೈ ನಿಲ್ಲಿಸಿದಳು.

"ಸಹಿ?"

"ನಮ್ಮ ಅಡುಗೆಮನೆ ಬೀದೀಲಿದೆ."

"ಏನು?"

ಅವನು ಹೇಳಿದ. ಅವಳು ಕೇಳುತ್ತ ಕೇಳುತ್ತ ಕಾಲಿನಡಿ ನೋಡಿಕೊಂಡಳು, ಆಮೇಲೆ ಮೆಲ್ಲಗೆ, ಯಾರೋ ಗಾಡಿ ಹತ್ತಿಸಿಬಿಟ್ಟಾರು ಎನ್ನುವ ಹಾಗೆ, ಮೂರು ಹೆಜ್ಜೆ ನಡುಮನೆಯ ಕಡೆ ಸರಿದಳು. "ಅಂದ್ರೆ ಇಷ್ಟು ದಿನ ನಾನು ರಸ್ತೇಲಿ ನಿಂತು ಅಡುಗೆ ಮಾಡ್ತಿದ್ದೆ?"

"ಅಂಕಿ ಹಾಗೇ ಹೇಳತ್ತೆ."

"ಆ ಕಿಟಕಿಗೆ ಪರದೆ ಬೇರೆ ಹಾಕಿದ್ದೀನಿ." ಅವಳು ಕುಸಿದು ಕೂತಳು. ಆಮೇಲೆ, ಏನಾದರೂ ಒಳ್ಳೆಯದನ್ನು ಹೇಳಬೇಕೆಂದು, "ಗಾಡಿ ಒಳಗೆ ತಗೊಂಡು ಬನ್ನಿ. ಇವತ್ತು ನೆಲಕ್ಕೆ ಗೀರು ಬೀಳಲ್ಲ," ಎಂದಳು.

"ಯಾಕೆ?"

"ನಿನ್ನೆ ಸಂಜೆ ಒಳಗೆ ತಂದಾಗ ಟೈಲ್ಸ್ ಮೇಲೆಲ್ಲ ಕಪ್ಪು ಗೆರೆ. ಒರೆಸಿ ಒರೆಸಿ ಸಾಕಾಯ್ತು. ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಹಳೇ ಕಂಬಳಿ ಕತ್ತರಿಸಿ ಚಕ್ರಕ್ಕೆಲ್ಲ ಹೊಲಿದೆ. ಎರಡು ಸುತ್ತು. ಕರೀ ಕಂಬಳಿ, ಗೊತ್ತೇ ಆಗಲ್ಲ ಅಲ್ವಾ?"

ಅವನು ಹೊರಗೆ ಓಡಿ ಗಾಡಿಯನ್ನು ಬೋರಲು ಹಾಕಿದ. ಹಿಂದಿನ ಪುಟ್ಟ ಚಕ್ರವೂ ಕಂಬಳಿ ಹೊದ್ದು ಕೂತಿತ್ತು; ಹೊಲಿಗೆ ಅಂಗಡಿಯವರನ್ನೂ ನಾಚಿಸುವಂತಿತ್ತು. ಅರ್ಧ ಇಂಚಿಗೂ ಕಡಿಮೆ ದಪ್ಪ. ಚಕ್ರ ಅಷ್ಟು ದಪ್ಪವಾದರೆ ಒಂದೊಂದು ಸುತ್ತಿಗೂ ಹೆಚ್ಚು ನೆಲ ದಾಟುತ್ತದೆ, ಎಣಿಸುವವನು ಮಾತ್ರ ಹಳೆಯ ಲೆಕ್ಕವನ್ನೇ ಎಣಿಸುತ್ತಾನೆ. ಇಪ್ಪತ್ತಡಿ ನಡೆದರೆ ಹದಿನಾಲ್ಕು ಇಂಚು ಕಡಿಮೆ ಹೇಳುತ್ತಾನೆ. ನಲವತ್ತು ನಡೆದರೆ ಇಪ್ಪತ್ತೆಂಟು. ಕೆಲಸಕ್ಕೆ ಮೊದಲು ಗೊತ್ತಿರುವ ದೂರವೊಂದನ್ನು ತಳ್ಳಿ ಚಕ್ರವನ್ನು ಪರೀಕ್ಷಿಸಬೇಕೆಂದು ಯಂತ್ರದ ಪುಸ್ತಕದ ಮೊದಲ ಪುಟದಲ್ಲೇ ಇದೆ. ಆ ಪುಟವನ್ನು ಅವನು ಹೊಸಬರಿಗೆಲ್ಲ ಓದಿ ಹೇಳುತ್ತಿದ್ದ.

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಒಂದು ಗೋಡೆಯೂ ಒಂದಿಂಚೂ ಆಚೀಚೆ ಹೋಗಿರಲಿಲ್ಲ. ಬೀದಿಯಲ್ಲಿ ತೆರೆಯ ಮೇಲೆ ಬಟ್ಟಲು ಮೂಡಿದಾಗ ಒಂದೇ ಒಂದು ಸಲ ತಲೆ ಎತ್ತಿದ್ದರೆ ಕಲ್ಲುಗಳೆಲ್ಲ ಗೋಡೆಗಳ ನೇರಕ್ಕೇ ಇರುವುದು ಕಾಣುತ್ತಿತ್ತು.

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಅವನು ಕಂಬಳಿಯ ಹೊಲಿಗೆ ಬಿಚ್ಚಿ, ಪಟ್ಟಿಗಳನ್ನು ಕೈಯಲ್ಲಿ ಹಿಡಿದು, ಮತ್ತೊಂದು ಕೈಯಲ್ಲಿ ಗಾಡಿ ತಳ್ಳುತ್ತ ಹೊರಟ.

"ನರ್ಸಮ್ಮ, ತಪ್ಪಾಗಿತ್ತು. ಎಲ್ಲರ ಗೋಡೆಯೂ ಸರಿಯಾಗೇ ಇದೆ."

ನರ್ಸಮ್ಮ ಬಾಗಿಲನ್ನು ಗೇಣಗಲ ತೆರೆದಿದ್ದರು. "ಹಾಗಾದ್ರೆ ನನ್ನ ಹದಿನಾಲ್ಕು ಇಂಚು?"

"ಇಲ್ಲ. ಇರಲೇ ಇಲ್ಲ."

"ಕೊಟ್ಟು ಒಂದು ಗಂಟೆ ಆಗಿಲ್ಲ, ವಾಪಸ್ ಕೇಳೋಕೆ ಬಂದ್ರಾ?" ಬಾಗಿಲು ಗೇಣಿನಿಂದ ಬೆರಳಿಗೆ ಬಂತು, ಬೆರಳಿನಿಂದ ಚಿಲಕಕ್ಕೆ.

ಮೊಳೆ ಸಾಹುಕಾರರು ಕಂಬಳಿಪಟ್ಟಿಯನ್ನು ಕೈಗೆ ತೆಗೆದುಕೊಂಡು ಬಟ್ಟೆ ಅಂಗಡಿಯವರಂತೆ ಉಜ್ಜಿ ನೋಡಿದರು. "ಒಳ್ಳೇ ಕಂಬಳಿ. ನೀವು ಹೆದರಿದ್ದೀರಿ, ಅದಕ್ಕೇ ಹೀಗೆಲ್ಲಾ ಅನ್ನಿಸತ್ತೆ. ನೀವು ಬೀದೀಲಿರೋ ವಿಷಯ ನಾವು ಯಾರಿಗೂ ಹೇಳಲ್ಲ ಅಂದ್ವಲ್ಲ. ಮಲಗಿ ಹೋಗಿ."

"ಸಾರ್, ನಾನು ಬೀದೀಲಿಲ್ಲ."

"ಹಾಗೇ ಅಂದ್ಕೊಳ್ಳಿ," ಎಂದು ಅವರು ಬಹಳ ಮೃದುವಾಗಿ ಹೇಳಿದರು.

ಉಳಿದದ್ದು ಮೇಷ್ಟ್ರು. ಲೆಕ್ಕ ತಿಳಿದ ಮನುಷ್ಯ, ಅವರಿಗೆ ಅರ್ಥವಾಗದೆ ಇರದು. ಅವರು ಒಂದು ಮಾತು ಹೇಳಿದರೆ ಸಾಲು ಕೇಳುತ್ತದೆ. ಅವರು ನಡುಮನೆಯಲ್ಲಿ ನಕ್ಷೆಯನ್ನು ಮತ್ತೆ ಮೊಳೆಗೆ ನೇತುಹಾಕುತ್ತಿದ್ದರು. ಅವನು ಪಟ್ಟಿಗಳನ್ನು ಮೇಜಿನ ಮೇಲೆ ಹಾಸಿ, ಚಕ್ರ, ಕಂಬಳಿ, ಸುತ್ತು, ಎಲ್ಲವನ್ನೂ ಒಂದೇ ಉಸಿರಿಗೆ ವಿವರಿಸಿದ. ಅವರು ಒಂದು ಪಟ್ಟಿಯನ್ನು ಎತ್ತಿ ಅದರ ದಪ್ಪ ನೋಡಿದರು.

"ಕಂಬಳಿ ಅಂತ ಗೊತ್ತಿರಲಿಲ್ಲ," ಎಂದರು ಕೊನೆಗೆ. "ಚಕ್ರ ಅಂತ ಗೊತ್ತಿತ್ತು."

"ಸಾರ್?"

"ಹದಿನಾಲ್ಕು, ಇಪ್ಪತ್ತೆಂಟು, ನಲವತ್ತೆರಡು. ಮೂವತ್ತೆರಡು ವರ್ಷ ಅಳತೆ ಕಲಿಸಿದ್ದೀನಿ. ಏಳು ಮನೆ ಕಟ್ಟಿದ ಏಳು ಮೇಸ್ತ್ರಿಗಳು ಮಗ್ಗಿ ಹೇಳ್ಕೊಂಡು ತಪ್ಪು ಮಾಡ್ತಾರೇನ್ರೀ? ಮೂರನೇ ಚುಕ್ಕೆಗೇ ತಿಳೀತು."

ಅವನ ಕಣ್ಣ ಮುಂದೆ ಮೇಷ್ಟ್ರು ಕನ್ನಡಕ ನೇರ ಮಾಡಿಕೊಂಡು ನಕ್ಷೆಯ ಓರೆಯನ್ನು ಸರಿಪಡಿಸಿದರು.

"ತಿಳಿದೂ ಸುಮ್ಮನಿದ್ರಾ? ಒಪ್ಪಂದ ನೀವೇ ಬರೆದ್ರಲ್ಲ ಸಾರ್."

"ಬರೆದೆ. ಪ್ರತಿ ಮನೆಯ ಬಲಗೋಡೆ ಆ ಮನೆಗೇ ಪೂರ್ತಿ. ನನ್ನ ಬಲಗೋಡೆ ಯಾವುದು?"

ಅವನು ಗೋಡೆಯ ಕಡೆ ನೋಡಿದ. ಒಂಬತ್ತು ವರ್ಷದ ಗೋಡೆ. ಆಚೆಯಿಂದ ಮೊಳೆ ಸಾಹುಕಾರರು ಏನನ್ನೋ ಗುನುಗುವುದು ಕೇಳಿಸಿತು.

"ನಿಮ್ಮ ಚಕ್ರದಿಂದ ಹುಟ್ಟಿದ ಒಪ್ಪಂದದ ಪ್ರಕಾರ ಅದು ಪೂರ್ತಿ ನನ್ನದು. ಅವರೇ ಸಹಿ ಹಾಕಿದ್ದಾರೆ, ನಗ್ತಾ ನಗ್ತಾ," ಎಂದರು ಮೇಷ್ಟ್ರು. "ಕಂಬಳಿ ಇಲ್ಲದ ಚಕ್ರದ ಪ್ರಕಾರ ಅದು ಕಲ್ಲಿನ ನೆತ್ತಿ ಮೇಲೇ ಇದೆ. ಅರ್ಧ ನನ್ನದು, ಅರ್ಧ ಅವರದು."

"ಸರಿ, ಗೋಡೆ ನೀವೇ ಇಟ್ಕೊಳ್ಳಿ. ನಾನು ಯಾರಿಗೂ ಹೇಳಲ್ಲ. ಮತ್ತೆ ಅಳೆಯೋದೂ ಇಲ್ಲ." ಅವನು ಅರ್ಜಿಯನ್ನು ಬಿಡಿಸಿ ಅವರ ಮುಂದೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದು, ಹಿಡಿಯುವ ತುದಿಯನ್ನು ಅವರ ಕಡೆಗೇ ಮಾಡಿ ಚಾಚಿದ. "ಇದಕ್ಕೆ ಮಾತ್ರ ಸಹಿ ಹಾಕಿ. ನೀವು ಹಾಕಿದ್ರೆ ಎಲ್ಲರೂ ಹಾಕ್ತಾರೆ. ಅವಳು ಎರಡು ವರ್ಷದಿಂದ ಕಾಯ್ತಿದ್ದಾಳೆ. ಇನ್ಸ್‌ಪೆಕ್ಟರ್ ಬಂದ್ರೂ ನಮಗೆ ಭಯ ಇಲ್ವಲ್ಲ. ಅವನು ಅಳೆದ್ರೆ ಎಲ್ಲಾ ಸರಿಯಾಗಿದೆ ಅಂತಾನೇ ಬರತ್ತೆ."

"ಅದಕ್ಕೇ," ಎಂದರು ಮೇಷ್ಟ್ರು. ಅವನ ಕೈಯಿಂದ ಪೆನ್ನು ತೆಗೆದುಕೊಂಡರು, ಅದಕ್ಕೆ ಮುಚ್ಚಳ ಹಾಕಿದರು, ಅವನ ಜೇಬಿಗೆ ಸಿಕ್ಕಿಸಿದರು. "ಬೇಡ."